ಹೊಳಬಸಪ್ಪನವರು ಡಿಫರೆನ್ಶಿಯಲ್ ಬಿಚ್ಚಿದ್ದು

ಗುಳೇದಗುಡ್ಡದ ಖಣ, ಇಳಕಲ್ ಸೀರೆ ಮಾರುತ್ತ ಪುಣೆಯಲ್ಲೇ ಅರ್ಧ ಆಯುಷ್ಯ ಕಳೆದ ಹೊಳಬಸಪ್ಪನವರಿಗೆ ಐವತ್ತು ದಾಟಿದ ಮೇಲೆ ಕಾರಿನ ಹುಚ್ಚು ಹಿಡಿಯಿತು. ಅದೂ ನಾಲ್ಕು ಮಂದಿ ಕೂಡುವ ಮರ್ಯಾದಸ್ಥ ಕಾರಿನ ಹುಚ್ಚಲ್ಲ. ಪುಣೆಯ ಹತ್ತಿರದ ಭೋರ್ ಊರಿನ ಒಂದು ಮನೆಗೆ ಸೀರೆ ತೋರಿಸಲು ಹೋದಾಗ ಕೊಟ್ಟಿಗೆಯಲ್ಲಿ ಮೇಲ್ಛಾವಣಿಯಿಲ್ಲದ, ಎರಡೇ ಸೀಟಿನ, ಕೆಂಪು ಬಣ್ಣದ ವಿಲಾಯತಿ ಸ್ಪೋರ್ಟ್ಸ್ ಕಾರೊಂದು ಕಣ್ಣಿಗೆ ಬಿತ್ತು. ಒಳಗೆ ಕೋಳಿಗಳು ಕಾವು ಕೂತಿದ್ದವು. ಕೋಳಿಗಳನ್ನು ಮನೆಯವರಿಗೆ ಬಿಟ್ಟು, ಕಾರನ್ನು ಕೊಂಡು, ಪುಣೆಯ ಕೊಂಢವಾ ಬಡಾವಣೆಯ ತಮ್ಮ ಮನೆಗೆ ಎಳೆಸಿಕೊಂಡು ಬಂದರು. ಇದು ತೊಂಬತ್ತೇಳನೆಯ ಇಸವಿಯ ಮಾತು.

ಹೆಂಡತಿ ಶಿವಗಂಗವ್ವ ಕಾರಿಗೆ ಒಂದು ಸುತ್ತು ಬಂದು, ಮಗ, ಸೊಸೆ, ಬೀಗರು ಎಲ್ಲಿ ಕೂಡಬೇಕು ಎಂದು ಕೇಳಿದರು. ಗಂಡ ಸೀಟಿನ ಮೇಲಿನ ಕೋಳಿಪುಕ್ಕ ಕೊಡವತೊಡಗಿದಾಗ, ತಾನೂ ಅದರಲ್ಲಿ ಕಾಲಿಡುವುದಿಲ್ಲ ಎಂದು ಹೇಳಿ ಒಳಗೆ ಹೋದರು.

ಎಂಜಿನ್ನು ಹೇಗೋ ಚಾಲೂ ಆಯಿತು. ಆದರೆ ಕಾರು ಓಡತೊಡಗಿದರೆ ಹಿಂದಿನಿಂದ ಒಂದು ದನಿ ಏಳುತ್ತಿತ್ತು. ಮೆಲ್ಲಗೆ ಹೋದರೆ ಸೊಳ್ಳೆಯಂತೆ, ಜೋರಾಗಿ ಹೋದರೆ ಶಹನಾಯಿಯಂತೆ. ಒಮ್ಮೆ ಮದುವೆ ಮೆರವಣಿಗೆಯೊಂದರ ಪಕ್ಕ ಹಾಯ್ದಾಗ ಬ್ಯಾಂಡಿನವರು ತಮ್ಮವನೇ ಯಾರೋ ಹಿಂದುಳಿದನೆಂದು ತಿರುಗಿ ನೋಡಿದರು. ಹತ್ತು ಗ್ಯಾರೇಜು ಸುತ್ತಿದ ಮೇಲೆ ರೋಗ ಗೊತ್ತಾಯಿತು. ಹಿಂದಿನ ಎರಡು ಗಾಲಿಗಳ ನಡುವೆ, ಆಕ್ಸಲ್ಲಿನ ಹೊಟ್ಟೆಯೊಳಗೆ, ಎಂಜಿನ್ನಿನ ಶಕ್ತಿಯನ್ನು ಎರಡೂ ಗಾಲಿಗೆ ಹಂಚುವ ಡಿಫರೆನ್ಶಿಯಲ್ ಸವೆದಿತ್ತು. ಅದನ್ನು ಬಿಚ್ಚಲು ಯಾವ ಗ್ಯಾರೇಜಿನವನೂ ಒಪ್ಪಲಿಲ್ಲ.

ಹೊಳಬಸಪ್ಪನವರು ತಾವೇ ಬಿಚ್ಚಲು ನಿಂತರು. ಜತೆಗೆ ಸದಾನಂದ ಶೆಟ್ಟರು ಬಂದರು. ಅವರ ಹೋಟೆಲು ಇವರ ಅಂಗಡಿಯ ಪಕ್ಕದಲ್ಲಿತ್ತು. ಒಮ್ಮೆ ಹಿಟ್ಟು ರುಬ್ಬುವ ಗ್ರೈಂಡರನ್ನು ಸ್ವಂತ ಕೈಯಿಂದ ರಿಪೇರಿ ಮಾಡಿದ್ದರಿಂದ ಅವರಿಗೆ ಯಂತ್ರಗಳ ಬಗ್ಗೆ ಧೈರ್ಯವಿತ್ತು.

ಡಿಫರೆನ್ಶಿಯಲ್ಲನ್ನು ಕಾರಿನಿಂದ ಕಳಚಿ ಪಡಸಾಲೆಗೆ ತಂದು ಬಿಚ್ಚಿದರು. ಒಳಗಿದ್ದದ್ದು ಮುಖ್ಯವಾಗಿ ಎರಡು ಹಲ್ಲಿನ ಗಾಲಿಗಳು: ತಟ್ಟೆಯಷ್ಟು ದೊಡ್ಡ ಕ್ರೌನು, ಅದನ್ನು ತಿರುಗಿಸುವ ಸಣ್ಣ ಪಿನಿಯನ್ನು. ಅವುಗಳ ಹಲ್ಲು ಎಲ್ಲಿ ತಿಕ್ಕುತ್ತವೆ ಎಂದು ತಿಳಿಯಲು ಬಣ್ಣ ಹಚ್ಚಿ ತಿರುಗಿಸಿ ನೋಡಬೇಕು. ಹೊಳಬಸಪ್ಪನವರು ಶಿವಗಂಗವ್ವನ ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿದರು. ಅದೇ ಹೊತ್ತಿಗೆ ನೆರೆಮನೆಯ ಚನ್ನಬಸವ್ವ ಬಂದಳು. ಪಡಸಾಲೆಯಲ್ಲಿ ಮಣೆಯ ಮೇಲೆ ಕುಂಕುಮ ಹಚ್ಚಿಕೊಂಡ ಕಪ್ಪು ಗುಂಡನೆಯ ಮೂರ್ತಿ, ಮುಂದೆ ತಲೆ ಬಾಗಿಸಿ ಕೂತ ಯಜಮಾನರು. ಆಕೆ ಚಪ್ಪಲಿ ಬಿಟ್ಟು, ಕೈ ಮುಗಿದು, ಬಾಳೆಹಣ್ಣು ಇಟ್ಟು ಹೋದಳು. ಸಂಜೆಗೆ ಓಣಿಯ ಇನ್ನೂ ಕೆಲವು ಹೆಂಗಸರು ಬಂದರು.

"ಇದು ನಮ್ಮನಿ ದೇವ್ರಲ್ರೀ," ಎಂದು ಶಿವಗಂಗವ್ವ ಬಾಗಿಲಲ್ಲೇ ತಡೆದರು. "ಇವರೊಬ್ಬರದ ದೇವ್ರು."

ಮುಂದೆ ಹೊಸ ಬೇರಿಂಗು ಕೂಡಿಸುವ ಕೆಲಸ. ಬಿಸಿ ಎಣ್ಣೆಯಲ್ಲಿ ಕಾಯಿಸಿದರೆ ಅದು ತುಸು ಹಿಗ್ಗಿ ಸಲೀಸಾಗಿ ಕೂಡುತ್ತದೆ. ಶೆಟ್ಟರ ಅಡಿಗೆಮನೆಯಲ್ಲಿ ಉದ್ದಿನವಡೆಯ ಬಾಣಲೆಯ ಪಕ್ಕದಲ್ಲೇ ಇನ್ನೊಂದು ಬಾಣಲೆ ಇಟ್ಟು ಬೇರಿಂಗನ್ನು ಬಿಟ್ಟರು. ಅಡಿಗೆಯ ತನಿಯಪ್ಪನಿಗೆ ಅಂದು ಗಿರಾಕಿಗಳ ಗದ್ದಲ. ಗುಂಡಗಿದೆ, ನಡುವೆ ತೂತಿದೆ, ಎಣ್ಣೆಯಲ್ಲಿ ಕಂದುಬಣ್ಣಕ್ಕೆ ತಿರುಗಿದೆ. ಅವನು ಜಾಲರಿ ಸೌಟಿನಿಂದ ಎತ್ತಿ, ವಡೆಯ ಜತೆ ಸಾಂಬಾರಿನ ಬಟ್ಟಲಿಗೆ ಹಾಕಿ ಕಳಿಸಿಬಿಟ್ಟ. ಗಿರಾಕಿ ಒಬ್ಬ ಸಭ್ಯ ಮರಾಠಿ ಹಿರಿಯರು. ಚಮಚದಿಂದ ಎರಡು ಸಲ ಕುಟ್ಟಿ ನೋಡಿ, ಇದಕ್ಕಿಂತ ಮೆತ್ತಗಿನದು ಇದೆಯೇ ಎಂದು ಮೆಲ್ಲಗೆ ಕೇಳಿದರು. ಶೆಟ್ಟರು ಓಡಿ ಬಂದು ಕೈಮುಗಿದರು. ಹೊಳಬಸಪ್ಪನವರು ಮಾತ್ರ ಹಿರಿಯರ ಮುಖವನ್ನೂ ನೋಡದೆ, ಬೇರಿಂಗಿನ ಸಂದಿಯಲ್ಲಿ ಸಿಕ್ಕ ಕರಿಬೇವು ತೆಗೆಯುತ್ತ ನಿಂತಿದ್ದರು. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಕಾಯಿಸಬೇಕಾಯಿತು.

ಎಲ್ಲ ಜೋಡಿಸಿ, ಬೋಲ್ಟು ಬಿಗಿದು, ಹೊಸ ಆಯಿಲ್ ತುಂಬಿದ ಭಾನುವಾರ ಓಣಿಯೇ ಬಂದು ನೆರೆಯಿತು. ಹೊಳಬಸಪ್ಪನವರು ಫಸ್ಟ್ ಗೇರು ಹಾಕಿ ಕ್ಲಚ್ಚು ಬಿಟ್ಟರು. ಕಾರು ಹಿಂದಕ್ಕೆ ಹೊರಟಿತು. ಗೇರು ತಪ್ಪಿತೆಂದುಕೊಂಡು ಸೆಕೆಂಡಿಗೆ ಹಾಕಿದರು. ಇನ್ನೂ ಜೋರಾಗಿ ಹಿಂದಕ್ಕೇ ಹೋಯಿತು. ರಿವರ್ಸ್ ಹಾಕಿದಾಗ ಮಾತ್ರ ವಿಧೇಯವಾಗಿ ಮುಂದಕ್ಕೆ ಬಂತು. ಪಿನಿಯನ್ನಿನ ಒಂದು ಮಗ್ಗುಲಿಗೆ ಇರಬೇಕಾದ ಕ್ರೌನನ್ನು ಇಬ್ಬರೂ ಸೇರಿ ಇನ್ನೊಂದು ಮಗ್ಗುಲಿಗೆ ಕೂಡಿಸಿದ್ದರು. ಈಗ ಕಾರಿಗೆ ಹಿಂದಕ್ಕೆ ನಾಲ್ಕು ಗೇರು, ಮುಂದಕ್ಕೆ ಒಂದು.

"ಎಂತ ಮಾರಾಯ್ರೆ, ಇದು ಹಿಂದೆ ಹಿಂದೆ ಹೋಗ್ತದಲ್ಲ," ಎಂದರು ಶೆಟ್ಟರು.

"ಅದ ಇರ್ಲಿ. ದನಿ ಬರ್ತದೇನು, ಅದನ್ನ ಹೇಳ್ರಿ."

ಶೆಟ್ಟರು ಕಿವಿಗೊಟ್ಟರು. ದನಿ ಇರಲಿಲ್ಲ. ಹೊಳಬಸಪ್ಪನವರ ಕಣ್ಣು ತುಂಬಿ ಬಂತು.

ಬಾಗಿಲಲ್ಲಿ ನಿಂತ ಶಿವಗಂಗವ್ವ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಆಮೇಲೆ ಎದ್ದು, ಸೆರಗು ಸಿಕ್ಕಿಸಿ, ಸೀದಾ ಬಂದು ಕಾರಿನಲ್ಲಿ ಕೂತರು. ಕಾಯಿಪಲ್ಯ ತರುವುದಿದೆ, ಹೀಗೇ ಹೋಗೋಣ ಎಂದರು. ಹೊಳಬಸಪ್ಪನವರು ಕತ್ತು ಹಿಂದಕ್ಕೆ ತಿರುಗಿಸಿ, ಸೆಕೆಂಡ್ ಗೇರಿನಲ್ಲಿ, ಕೊಂಢವಾದ ರಸ್ತೆಯಲ್ಲಿ ಹಿಮ್ಮುಖವಾಗಿ ಕಾಯಿಪಲ್ಯದ ಮಂಡಿಗೆ ಹೋದರು. ಚೌಕಿನ ಪೊಲೀಸ ಸೀಟಿ ಬಾಯಿಗಿಟ್ಟ. ಬರುವ ಗಾಡಿಗೆ ಊದಬೇಕೋ ಹೋಗುವ ಗಾಡಿಗೋ ತಿಳಿಯದೆ ಹಾಗೇ ಕೆಳಗಿಳಿಸಿದ. ಶಿವಗಂಗವ್ವ ಮಾತ್ರ ಎದುರಿಗೇ ನೋಡುತ್ತ, ಹಿಂದೆ ಬರುತ್ತಿದ್ದ ಸ್ಕೂಟರಿನವರ ಮುಖಗಳನ್ನೆಲ್ಲ ಸಾವಕಾಶ ಗಮನಿಸುತ್ತ, ರಾಣಿಯಂತೆ ಕೂತಿದ್ದರು.

ಮರುದಿನ ಹೊಳಬಸಪ್ಪನವರ ಕತ್ತು ಎಡಕ್ಕೇ ನಿಂತುಬಿಟ್ಟಿತು. ಅಂಗಡಿಗೆ ಬಂದ ಗಿರಾಕಿಗಳೆಲ್ಲ ಎಡಗಡೆಯೇ ನಿಲ್ಲಬೇಕಾಯಿತು. ಕತ್ತು ಸಡಿಲಾದ ಮೇಲೆ ಶೆಟ್ಟರೊಡನೆ ಮತ್ತೆ ಎಲ್ಲ ಬಿಚ್ಚಿ, ಕ್ರೌನನ್ನು ಸರಿಯಾದ ಮಗ್ಗುಲಿಗೆ ಹಾಕಿದರು. ಕಾರು ಎಲ್ಲರ ಕಾರಿನಂತೆ, ಸದ್ದಿಲ್ಲದೆ ಮುಂದಕ್ಕೆ ಓಡಿತು.

ಗಂಡ ಹೆಂಡತಿ ಇಬ್ಬರೇ ಊರಾಚೆಯ ಬೋಪದೇವ ಘಾಟು ಹತ್ತಿದರು. ಗಾಳಿಗೆ ಶಿವಗಂಗವ್ವನ ಸೆರಗು ಹಾರಿ ಗಂಡನ ಕನ್ನಡಕದ ಮೇಲೆ ಬಿತ್ತು. ಕೂದಲು ಬಿಚ್ಚಿ ಬಾಯಿಗೆ ಬಂತು.

"ಖರೇ ಹೇಳ್ಲೇನ್ರೀ," ಎಂದರು ಅವರು, ಸೆರಗು ಎಳೆದುಕೊಳ್ಳುತ್ತ. "ಹಿಂದಕ್ಕ ಹೋಗೂದ ಭಾಳ ಚಲೋ ಇತ್ತು."

ಹೊಳಬಸಪ್ಪನವರು ಘಾಟಿನ ನೆತ್ತಿಯಲ್ಲಿ ಕಾರು ನಿಲ್ಲಿಸಿ ಹುರಿದ ಶೇಂಗಾ ಕೊಂಡರು. ಮುಂದಿನ ಭಾನುವಾರ ಶೆಟ್ಟರಿಗೆ ಬಿಡುವಿರುತ್ತದೋ ಇಲ್ಲವೋ ಎಂದು ಯೋಚಿಸುತ್ತ ತಿನ್ನತೊಡಗಿದರು.