ಶನಿವಾರದ ಹಾಳಿ

ನನ್ನ ಚೌಕದಲ್ಲಿ ಸೊನ್ನೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ಕಡೆ ಹೇಳಿದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದರಿಂದ ಒಂಬತ್ತು, ಅಷ್ಟೇ. ಅಡ್ಡಕ್ಕೆ ಒಂಬತ್ತು ಮನೆ, ಉದ್ದಕ್ಕೆ ಒಂಬತ್ತು ಮನೆ. ಯಾವ ಸಾಲಿನಲ್ಲೂ ಒಂದು ಅಂಕಿ ಎರಡು ಸಲ ಬರಬಾರದು. ಇಷ್ಟೇ ನಿಯಮವಿಟ್ಟರೆ ಚೌಕ ತೀರ ಸಡಿಲವಾಗುತ್ತಿತ್ತು. ಅದಕ್ಕೆ ದಪ್ಪ ಗೆರೆ ಎಳೆದು ಅದನ್ನು ಮೂರಕ್ಕೆ ಮೂರು ಮನೆಗಳ ಒಂಬತ್ತು ಓಣಿಗಳಾಗಿ ಒಡೆದೆ; ಓಣಿಯೊಳಗೂ ಅದೇ ನಿಯಮ. ಕೆಲವು ಮನೆಗಳ ಅಂಕಿಯನ್ನು ನಾನೇ ಬರೆದಿರುತ್ತಿದ್ದೆ, ಉಳಿದವು ಖಾಲಿ. ಖಾಲಿ ಮನೆಗಳನ್ನು ತುಂಬಲು ಒಂದೇ ಒಂದು ದಾರಿ ಇರಬೇಕೆಂಬುದು ನನಗೆ ನಾನೇ ಹಾಕಿಕೊಂಡ ಕಟ್ಟಳೆ.

ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ ವಾಡಿಯ ರೈಲ್ವೆ ಕ್ವಾರ್ಟರ್ಸಿಗೆ ಮರಳಿ ಬಂದಿದ್ದೆ. ಅಪ್ಪ ಜಂಕ್ಷನ್ನಿನಲ್ಲಿ ಪಾರ್ಸಲ್ ಗುಮಾಸ್ತ. ಸೇಡಂನ ಒಂದು ಖಾಸಗಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನನಗೆ ತಾತ್ಕಾಲಿಕ ಕೆಲಸ ಸಿಕ್ಕಿತು. ಪ್ರತಿ ಜೂನ್‌ನಲ್ಲಿ ಹೊಸ ಆದೇಶ ಬರಬೇಕು. ಬಂದರೆ ಕೆಲಸ, ಬಾರದಿದ್ದರೆ ಇಲ್ಲ. ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಚಿತ್ತಾಪುರದವರೆಗೆ ನಿಲ್ಲಬೇಕು. ಅಲ್ಲಿ ಮಂದಿ ಇಳಿದರೆ ಕಿಟಕಿಯ ಬಳಿ ಜಾಗ. ಅಲ್ಲಿಂದ ಸೇಡಂ ತನಕ ನೋಟ್‌ಬುಕ್ಕಿನಲ್ಲಿ ಚೌಕ ಕಟ್ಟುತ್ತಿದ್ದೆ.

ಅದನ್ನು ಶಾಲೆಯ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಅಚ್ಚು ಹಾಕುತ್ತಿದ್ದೆವು. ಮೇಣ ಸವರಿದ ಸ್ಟೆನ್ಸಿಲ್ ಹಾಳೆಯ ಮೇಲೆ ಮೊಂಡು ಮೊನೆಯ ಉಕ್ಕಿನ ಕಡ್ಡಿಯಿಂದ ಗೆರೆ ಕೊರೆಯಬೇಕು. ಕೊರೆದಲ್ಲಿ ಮಸಿ ಇಳಿಯುತ್ತದೆ. ಅಕ್ಷರ ಬರೆಯುವುದು ಸುಲಭ, ಚೌಕ ಬರೆಯುವುದು ಕಷ್ಟ. ಗೆರೆಗೆ ಗೆರೆ ಪೂರ್ತಿ ಕೂಡಿದರೆ ನಡುವಿನ ಮನೆ ಹರಿದು ಉದುರಿಬಿಡುತ್ತದೆ. ಹಾಗಾಗಿ ಗೆರೆಗಳು ಸಂಧಿಸುವ ಕಡೆಯಲ್ಲೆಲ್ಲ ಕೂದಲೆಳೆಯಷ್ಟು ಜಾಗ ಬಿಡುತ್ತಿದ್ದೆ. ಯಂತ್ರದ ಹಿಡಿಕೆ ತಿರುಗಿಸುತ್ತಿದ್ದವನು ನಮ್ಮ ಮುದಿ ಚಪ್ರಾಸಿ ಕಾಕಾ, ನಿಜಾಮರ ಕಾಲದಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಉರ್ದು ಕಲಿತವನು. ಹಳೆಯ ಪರೀಕ್ಷಾ ಪತ್ರಿಕೆಗಳ ಬೆನ್ನ ಮೇಲೆ ನಲವತ್ತು ಪ್ರತಿ ತೆಗೆಯುತ್ತಿದ್ದೆವು. ಮಸಿ ಹದಕ್ಕೆ ಬರುವ ತನಕ ಕೆಡುವ ಮೊದಲ ಹತ್ತು ಹನ್ನೆರಡನ್ನು "ಒಲಿಗಾದ್ರೂ ಒಯ್ಯಿ ಕಾಕಾ" ಎಂದು ಅವನಿಗೇ ಕೊಡುತ್ತಿದ್ದೆ.

ಪ್ರತಿ ಶನಿವಾರ ತರಗತಿಯಲ್ಲಿ ಹಂಚುತ್ತಿದ್ದೆ; ಹುಡುಗಿಯರು ಅದನ್ನು ಶನಿವಾರದ ಹಾಳಿ ಎಂದು ಕರೆದರು. ಒಂಬತ್ತನೆಯ ತರಗತಿಯ ಒಬ್ಬಳು, ಚಿಂಚೋಳಿ ಕಡೆಯ ಕೊಡ್ಲಿಯಿಂದ ಬಂದು ಸೇಡಂನಲ್ಲಿ ಸೋದರತ್ತೆಯ ಮನೆಯಲ್ಲಿದ್ದವಳು, ಪೆನ್ಸಿಲ್ ಮುಟ್ಟುತ್ತಿರಲಿಲ್ಲ. ನೇರ ಮಸಿಯಲ್ಲೇ ತುಂಬುತ್ತಿದ್ದಳು. ತಪ್ಪಿದರೆ ಎಂದು ಕೇಳಿದೆ. "ತಪ್ಪಾಂಗ ಇದ್ರ ನಾ ಬರ್ಯಾಂಗೇ ಇಲ್ರಿ ಅಕ್ಕೋರ" ಎಂದಳು. ಅವಳು ನನಗೆ ಇಷ್ಟವಾದಳು. ಹೇಳಲಿಲ್ಲ.

ಚಳಿಗಾಲದ ಕೊನೆಯಲ್ಲಿ ಒಂದು ಶನಿವಾರ ನನ್ನ ಕೈ ತಪ್ಪಿತು. ಗೆರೆಗಳು ಕೂಡಿಬಿಟ್ಟು ಚೌಕದ ನಟ್ಟನಡುವಿನ ಮನೆ ಉದುರಿತು. ಎಲ್ಲ ಪ್ರತಿಗಳಲ್ಲೂ ಅಲ್ಲಿ ಕಪ್ಪು ಮಸಿಯ ಚೌಕ. ಅದರ ಎಡಕ್ಕೆ ನಾಲ್ಕು, ಬಲಕ್ಕೆ ಏಳು. ಕಪ್ಪು ಮನೆಯನ್ನು ಖಾಲಿ ಎಂದೇ ತಿಳಿಯಿರಿ ಎಂದು ಹುಡುಗಿಯರಿಗೆ ಹೇಳಿ ಮರೆತೆ.

ಆ ಕಾಲದಲ್ಲಿ ವಾಡಿ, ಶಹಾಬಾದ್, ಸೇಡಂ ಎಲ್ಲ ಕಡೆ ಮಟ್ಕಾ ಹುಚ್ಚು. ದಿನಕ್ಕೆ ಎರಡು ಅಂಕಿ, ಮೊದಲನೆಯದು ಓಪನ್, ಎರಡನೆಯದು ಕ್ಲೋಜ್. ಅವು ಯಾವುವೆಂದು ಮೊದಲೇ ಊಹಿಸಿ ಮಂದಿ ದುಡ್ಡು ಕಟ್ಟುತ್ತಿದ್ದರು. ಕನಸು, ಹಲ್ಲಿ, ಲಾರಿಯ ನಂಬರು, ಯಾವುದರಲ್ಲಾದರೂ ಅಂಕಿ ಹುಡುಕುತ್ತಿದ್ದರು. ಆ ಶನಿವಾರ ನಾಲ್ಕು ಓಪನ್ ಆಯಿತು, ಏಳು ಕ್ಲೋಜ್ ಆಯಿತು.

ಇದು ನನಗೆ ತಿಳಿದದ್ದು ಎರಡು ವಾರ ಕಳೆದ ಮೇಲೆ, ಗಾಡಿಯಲ್ಲಿ. ಎದುರಿನ ಬೆಂಚಿನ ಇಬ್ಬರ ಕೈಯಲ್ಲಿ ನನ್ನ ಹಾಳೆ ಇತ್ತು. ಭಜಿಯ ಎಣ್ಣೆ ಹತ್ತಿ ಅದು ಪಾರದರ್ಶಕವಾಗಿತ್ತು.

"ನಾಕು ಏಳು ಕೊಟ್ಟ ಕಪ್ಪು ಮನಿ ಈ ಸಲ ಇಲ್ಲ ನೋಡೋ" ಎಂದ ಒಬ್ಬ.

"ಇಲ್ಲಂದ್ರ ಮೂಲಿ ನೋಡ್ಬೇಕು. ಗೆರಿ ಎಲ್ಲಿ ಕೂಡಿಲ್ಲ, ಅಲ್ಲೇ ಅದ ಆಟ" ಎಂದ ಪೇಟ ಸುತ್ತಿದ್ದ ಇನ್ನೊಬ್ಬ.

"ಯಾರು ಬರೀತಾರ ಇದನ್ನ?"

"ಧಾರವಾಡದಾಗ ಕಲ್ತಾಕಿ ಅಂತ. ಸಾಲಿ ಅಕ್ಕೋರು."

"ಹೆಣ್ಣಮಗಳಿಗಿ ಇಷ್ಟು ತಿಳೀತದೇನು? ನಡು ಯಾವನೋ ಗಂಡಸು ಇರ್ಬೇಕು ಬಿಡು."

ನಾನು ಅಪರಿಚಿತರ ಜೊತೆ ಮಾತಾಡುವವಳಲ್ಲ. ಸೇಡಂ ಬಂತು. ಚೀಲ ಹೆಗಲಿಗೆ ಹಾಕಿಕೊಂಡು ಇಳಿಯುವ ಮುಂಚೆ ಅವರ ಕಡೆ ತಿರುಗಿದೆ. "ಗೆರಿ ಕೂಡಿಸಿದ್ರ ಸ್ಟೆನ್ಸಿಲ್ ಹರೀತದ್ರಿ, ಅದಕ್ಕ ಕೂಡಿಸಿಲ್ಲ. ನಡು ಯಾವ ಗಂಡಸೂ ಇಲ್ಲ" ಎಂದೆ. ಇಳಿದು ನೆಟ್ಟಗೆ ಶಾಲೆಯ ಕಡೆ ನಡೆದೆ.

ಮರುವಾರ ಹೆಡ್‌ಮಾಸ್ತರರ ಕೋಣೆಗೆ ಕರೆ ಬಂತು. ಅವರ ಕುರ್ಚಿಯಲ್ಲಿ ಶಾಲೆಯ ಆಡಳಿತ ಕಮಿಟಿಯ ಸೆಕ್ರೆಟರಿ ಕೂತಿದ್ದರು. ಹೆಡ್‌ಮಾಸ್ತರರು ಕಿಟಕಿಯ ಬಳಿ ನಿಂತಿದ್ದರು. ಮೇಜಿನ ಮೇಲೆ ಟೈಪು ಮಾಡಿದ ಮುಚ್ಚಳಿಕೆ ಸಿದ್ಧವಿತ್ತು. ಜೂಜಿಗೆ ಅನುಕೂಲವಾಗುವ ಅಂಕಿಗಳನ್ನು ಹಂಚಿದ್ದು ನನ್ನ ತಪ್ಪು, ಇನ್ನು ಮುಂದೆ ಯಾವುದೇ ಚೌಕವನ್ನು ಅಚ್ಚು ಹಾಕುವುದಿಲ್ಲ. ಕೆಳಗೆ ನನ್ನ ಸಹಿಗೆ ಜಾಗ.

"ಕುಂದ್ರಿ ಅಕ್ಕೋರ" ಎಂದರು ಸೆಕ್ರೆಟರಿ. "ಊರ ತುಂಬ ನಿಮ್ಮ ಹಾಳಿ ಹಾರ್ಯಾಡ್ಲಿಕತ್ತಾವ. ಇದು ಹೆಣ್ಣಮಕ್ಕಳ ಸಾಲಿ, ಮಟ್ಕಾ ಅಡ್ಡೆ ಅಲ್ಲ. ಸಹಿ ಮಾಡ್ರಿ. ಜೂನ್ ಬರ್ಲಿಕತ್ತದ, ನಿಮ್ಮ ಆರ್ಡರಿಗೂ ಛಲೋ."

"ಮಟ್ಕಾದಾಗ ಸೊನ್ನಿ ಅದ್ರಿ. ಇದರಾಗ ಸೊನ್ನೀನೇ ಇಲ್ಲ."

"ಖಾಲಿ ಮನಿಗಿ ಸೊನ್ನಿ ಅಂತ ಹಿಡೀತಾರ್ರಿ" ಎಂದರು ಹೆಡ್‌ಮಾಸ್ತರರು.

"ನಿಮಗ ಹ್ಯಾಂಗ ಗೊತ್ತಾಯ್ತು ಸರ್?"

ಅವರು ಕಿಟಕಿಯ ಹೊರಗೆ ನೋಡತೊಡಗಿದರು.

ನಾನು ಆ ವಾರದ ಹಾಳೆಯನ್ನು ಸೆಕ್ರೆಟರಿಯವರ ಮುಂದೆ ಹರಡಿದೆ. ಮಟ್ಕಾದವರು ನೋಡುತ್ತಿದ್ದದ್ದು ಬರೆದ ಅಂಕಿಗಳನ್ನು. ನಾನು ಮಕ್ಕಳಿಗೆ ನೋಡಲು ಕಲಿಸುತ್ತಿದ್ದದ್ದು ಖಾಲಿ ಮನೆಗಳನ್ನು. ಈ ಒಂದು ಮಾತು ಅವರಿಗೆ ತಿಳಿಯಲಿ ಎಂದು ನನ್ನ ಆಸೆ. "ಈ ಓಣ್ಯಾಗ ಎಂಟು ಎಲ್ಲಿ ಬರ್ತದ ಹೇಳ್ರಿ."

ಅವರು ಬೇಡವೆನ್ನುತ್ತಲೇ ಬಗ್ಗಿದರು. ಬೆರಳಿಟ್ಟರು. "ಇಲ್ಲಿ."

"ಯಾಕ್ರಿ?"

"ಯಾಕಂದ್ರೇನು, ಅನಿಸ್ತು."

"ಅನಿಸಿದ್ದು ಬರದ್ರ ಅದು ಮಟ್ಕಾ. ಯಾಕಂತ ಹೇಳಿ ಬರ್ಯಾದು ಇದು."

ಅಷ್ಟರಲ್ಲಿ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಕಾಕಾ ಕತ್ತು ಚಾಚಿ ನೋಡಿದ. "ಅಲ್ಲಿ ಬರಾಂಗಿಲ್ರಿ ಸಾಹೇಬ್ರ. ಅದೇ ಸಾಲಿನ್ಯಾಗ ಆ ಕಡಿ ಎಂಟು ಕುಂತದ ನೋಡ್ರಿ. ಕೆಳಗಿನ ಮೂಲಿ ಒಂದೇ ಉಳೀತದ."

ಮೂವರೂ ಅವನನ್ನು ನೋಡಿದೆವು. ಅವನು ಸರಿಯಾಗಿಯೇ ಹೇಳಿದ್ದ.

"ನೀನೂ ಆಡ್ತಿಯೇನೋ?" ಎಂದರು ಸೆಕ್ರೆಟರಿ.

"ಮಟ್ಕಾ ಇಲ್ರಿ, ಇದನ್ನ ಆಡ್ತೀನಿ. ಕೆಟ್ಟ ಹಾಳಿ ಮನಿಗಿ ಒಯ್ದು ಉರ್ದು ಅಂಕಿ ಬರದು ತುಂಬ್ತೀನ್ರಿ." ಚಹಾದ ತಟ್ಟೆಯನ್ನು ಮೇಜಿನ ಅಂಚಿಗೆ ಇಟ್ಟ. "ಉಳದದ್ದು ಬಸ್ ಸ್ಟ್ಯಾಂಡಿನಾಗ ನನ್ನ ಅಳಿಯನ ಹೋಟ್ಲಿಗಿ ಕೊಟ್ಟೀನಿ, ಭಜಿ ಕಟ್ಟಾಕ. ಮಂದಿ ಹಿಂಗ ತಿಳ್ಕೋತಾರಂತ ನಂಗೇನು ಗೊತ್ರಿ."

ಸೆಕ್ರೆಟರಿಯವರ ಮುಖ ಹಗುರಾಯಿತು. "ಹಾಂಗಾರ ತಪ್ಪು ಇವಂದು! ಅಕ್ಕೋರ, ಹಾಂಗೇ ಬರೀರಿ. ಚಪ್ರಾಸಿ ಕದ್ದು ಒಯ್ದಾನ ಅಂತ. ನಿಮಗೇನೂ ಆಗಾಂಗಿಲ್ಲ."

"ಕದ್ದಿಲ್ರಿ. ಒಯ್ಯಿ ಅಂತ ನಾನೇ ಕೊಟ್ಟೀನಿ."

"ಅಂದ್ರ ನೀವು ಸಹಿ ಮಾಡ್ತೀರಿ."

"ಇಲ್ರಿ. ಚೌಕದಾಗ ತಪ್ಪಿದ್ರ ತೋರ್ಸ್ರಿ, ಈಗೇ ಬರದು ಕೊಡ್ತೀನಿ. ಮಂದಿ ಅದರಾಗ ಏನು ಓದ್ತಾರೋ ಅದಕ್ಕ ನಾ ಸಹಿ ಮಾಡಾಂಗಿಲ್ಲ."

ಸಹಿಯ ಜಾಗ ಖಾಲಿಯಾಗಿಯೇ ಉಳಿಯಿತು. ಅಂದೇ ಸೈಕ್ಲೋಸ್ಟೈಲ್ ಕೋಣೆಗೆ ಬೀಗ ಬಿತ್ತು. ಕಾಕಾನ ಕೆಲಸಕ್ಕೆ ಧಕ್ಕೆಯಾಗಲಿಲ್ಲ, ಅದೊಂದು ಸಮಾಧಾನ.

ಮನೆಯಲ್ಲಿ ಅಪ್ಪ ನಿಧಾನವಾಗಿ ಕೇಳಿದರು. "ಒಂದ್ ಸಹಿ ಮಾಡಿದ್ರ ಏನ್ ಹೋಗ್ತಿತ್ತವ್ವಾ?"

"ಹಾಳಿ ಹೋಗ್ತಿತ್ತಪ್ಪಾ."

ಮರುದಿನ ನನ್ನ ನೋಟ್‌ಬುಕ್ಕಿನ ಮೇಲೆ ಅವರ ಕಾಪಿಯಿಂಗ್ ಪೆನ್ಸಿಲ್ ಇತ್ತು, ಒದ್ದೆಯಾದರೆ ನೇರಳೆ ಬಣ್ಣ ಬಿಡುವಂಥದ್ದು. ಮೊನೆಯನ್ನು ನಾಲಿಗೆಗೆ ತಾಗಿಸಿ ಪಾರ್ಸಲ್ ರಸೀದಿ ಬರೆದು ಬರೆದು ಅಪ್ಪನ ತುಟಿಯ ಒಂದು ಮೂಲೆ ಯಾವಾಗಲೂ ಆ ಬಣ್ಣದಲ್ಲಿರುತ್ತಿತ್ತು.

ಧಾರವಾಡದ ಹಾಸ್ಟೆಲಿನಲ್ಲಿ ಕೈಬರಹದ ಪತ್ರಿಕೆ ತೆಗೆಯುತ್ತಿದ್ದಾಗ ಕಲಿತ ಉಪಾಯವೊಂದಿತ್ತು. ಗುಲಬರ್ಗಾದ ಔಷಧಿ ಅಂಗಡಿಯಿಂದ ಜೆಲಟಿನ್, ಗ್ಲಿಸರಿನ್ ತಂದು ಕಾಸಿ, ಅವ್ವನ ತಗಡಿನ ತಟ್ಟೆಯಲ್ಲಿ ಹೊಯ್ದು ಗಟ್ಟಿಯಾಗಲು ಬಿಟ್ಟೆ. ಆ ಪೆನ್ಸಿಲಿನಿಂದ ಚೌಕ ಬರೆದು, ಹಾಳೆಯನ್ನು ಬೋರಲಾಗಿ ಅದರ ಮೇಲೆ ಒತ್ತಿದರೆ ಬರೆದದ್ದು ತಟ್ಟೆಗೆ ಇಳಿಯುತ್ತದೆ. ಆಮೇಲೆ ಒಂದೊಂದೇ ಖಾಲಿ ಹಾಳೆ ಒತ್ತಿ ಎತ್ತಬೇಕು. ಇಪ್ಪತ್ತೈದು ಚೆನ್ನಾಗಿ ಬರುತ್ತವೆ, ಮುಂದಿನವು ಮಸುಕು. "ಇದರಾಗ ಇನ್ನ ಹಿಟ್ಟು ನಾದಾಕ ಆಗ್ತದೇನು?" ಎಂದು ಅವ್ವ ಬೈದಳು, ಬೈಯುತ್ತಲೇ ಹಾಳೆಗಳನ್ನು ಹಗ್ಗದ ಮೇಲೆ ಒಣಹಾಕಿದಳು. ಇಲ್ಲಿ ಹರಿಯಲು ಮೇಣವಿಲ್ಲ. ನನ್ನ ಗೆರೆಗಳನ್ನು ಮೊದಲ ಸಲ ಪೂರ್ತಿ ಕೂಡಿಸಿದೆ.

ಇನ್ನೊಂದು ಬದಲಾವಣೆಯನ್ನೂ ಮಾಡಿದೆ. ಅಲ್ಲಿಯವರೆಗೆ ಹಾಳೆಯ ಮೇಲೆ ಹೆಸರು ಹಾಕುತ್ತಿರಲಿಲ್ಲ. ಹೆಸರು ಕಂಡರೆ ಮುಜುಗರ ನನಗೆ. ಈಗ ಪ್ರತಿ ಚೌಕದ ಕೆಳಗೆ ನನ್ನ ಪೂರ್ತಿ ಹೆಸರು, ಪದವಿ ಬರೆದೆ. ನಡುವೆ ಯಾವ ಗಂಡಸೂ ಇಲ್ಲವೆಂಬುದು ಭಜಿ ತಿನ್ನುವವರಿಗೂ ತಿಳಿಯಲಿ.

ಜೂನ್‌ನಲ್ಲಿ ಆದೇಶ ಬರಲಿಲ್ಲ. ಶಹಾಬಾದಿನಲ್ಲಿ ಒಂದೆರಡು ಮಕ್ಕಳಿಗೆ ಮನೆಪಾಠ ಹಿಡಿದೆ. ಶನಿವಾರ ಮಾತ್ರ ನನ್ನದೇ ದುಡ್ಡಿನಲ್ಲಿ ಟಿಕೆಟು ಕೊಂಡು ಅದೇ ಪ್ಯಾಸೆಂಜರಿನಲ್ಲಿ ಸೇಡಂಗೆ ಹೋಗಿ ಸ್ಟೇಶನ್ನಿನ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದೆ. ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಹುಡುಗಿಯರು ಬಂದು ಹಾಳೆ ಒಯ್ಯುತ್ತಿದ್ದರು. ಮೊದಲ ವಾರ ಆರು ಜನ. ಬರಬೇಡಿರೆಂದು ಪ್ರಾರ್ಥನೆಯ ಹೊತ್ತಿನಲ್ಲಿ ಹೆಡ್‌ಮಾಸ್ತರರು ಹೇಳಿದ ಮೇಲೆ ಹತ್ತೊಂಬತ್ತು.

ಮಳೆಗಾಲದ ಒಂದು ಶನಿವಾರ ಕೊಡ್ಲಿಯ ಹುಡುಗಿ ಹಿಂದಿನ ವಾರದ ಹಾಳೆಯನ್ನು ಮರಳಿ ತಂದಳು. ನಾಲ್ಕು ಮನೆ ಖಾಲಿ ಬಿಟ್ಟಿದ್ದಳು.

"ಯಾಕ ತುಂಬಿಲ್ಲ?"

"ಇವು ಎರಡು ತರ ತುಂಬ್ತಾವ್ರಿ ಅಕ್ಕೋರ. ಮೂರು ಇಲ್ಲಿ, ಎಂಟು ಅಲ್ಲಿ. ಇಲ್ಲಾ ಎಂಟು ಇಲ್ಲಿ, ಮೂರು ಅಲ್ಲಿ. ನೀವೇ ಹೇಳಿದ್ರಲ್ರಿ, ಅನಿಸಿದ್ದು ಬರೀಬಾರದು ಅಂತ."

ಉಳಿದ ಹುಡುಗಿಯರು ಅವಳ ಅಧಿಕಪ್ರಸಂಗಕ್ಕೆ ನಕ್ಕರು. ಅವಳು ನಗಲಿಲ್ಲ. ನಾನು ಬೆಂಚಿನ ಮೇಲೆಯೇ ನೋಡಿದೆ, ಮರಳುವ ಗಾಡಿಯಲ್ಲಿ ಚಿತ್ತಾಪುರ ದಾಟುವವರೆಗೂ ನೋಡಿದೆ. ನಾಲ್ಕು ಮನೆಗಳಲ್ಲಿ ಆ ಎರಡು ಅಂಕಿಗಳು ಅದಲುಬದಲಾದರೂ ಚೌಕಕ್ಕೆ ಏನೂ ಆಗುತ್ತಿರಲಿಲ್ಲ. ಒಂದೇ ದಾರಿ ಎಂಬ ನನ್ನ ಕಟ್ಟಳೆಯನ್ನು ನಾನೇ ಮುರಿದಿದ್ದೆ. ಮೂವತ್ತು ಹಾಳೆಗಳಲ್ಲಿ, ನನ್ನ ಹೆಸರಿನ ಮೇಲೆಯೇ.

ಮುಂದಿನ ಶನಿವಾರದ ಚೌಕವನ್ನು ಸ್ವಲ್ಪ ಮೇಲಕ್ಕೆ ಬರೆದೆ. ಕೆಳಗೆ ಜಾಗ ಬೇಕಿತ್ತು. ಅಪ್ಪನ ಪೆನ್ಸಿಲನ್ನು ನಾಲಿಗೆಗೆ ಒತ್ತಿ ದಪ್ಪಗೆ ಬರೆದೆ: "ಕಳೆದ ವಾರದ ಚೌಕಕ್ಕೆ ಎರಡು ಉತ್ತರಗಳಿದ್ದವು. ತಪ್ಪು ನನ್ನದು. ಕಂಡುಹಿಡಿದವಳು ಒಂಬತ್ತನೆಯ ತರಗತಿ ಪಾಸಾದ ಹುಡುಗಿ." ಅದರ ಕೆಳಗೆ ಸಹಿ ಮಾಡಿ ತಟ್ಟೆಯ ಮೇಲೆ ಒತ್ತಿದೆ. ಒಂದು ಪ್ರತಿಯನ್ನು ಲಕೋಟೆಯಲ್ಲಿಟ್ಟು ಸೆಕ್ರೆಟರಿಯವರಿಗೂ ಕಳಿಸಿದೆ. ಅವರು ಕೇಳಿದ್ದ ಮುಚ್ಚಳಿಕೆ ಅದು. ನಾನು ಬರೆದುಕೊಟ್ಟಿರುವುದು ಅದೊಂದೇ.