ಅಂಗಡಿಯಲ್ಲಿ ಆಡಿದ ಕನ್ನಡ

ಚೆನ್ನೈಯ ಅಂಗಡಿಗಳಲ್ಲಿ ನಮ್ಮ ಕನ್ನಡ ಯಾರಿಗೂ ಅರ್ಥವಾಗದು ಎಂದು ನಂಬಿದ್ದು ನನ್ನ ಮಹಾ ಪೆದ್ದುತನ. ತರಕಾರಿಯಿರಲಿ, ಸೀರೆಯಿರಲಿ, ಅಂಗಡಿಯವರ ಎದುರೇ ಅವರನ್ನು ಕನ್ನಡದಲ್ಲಿ ಆಡಿಕೊಳ್ಳುವುದು ನಮ್ಮ ಮನೆಯ ಹಳೇ ಚಾಳಿ.

ಕಳೆದ ತಿಂಗಳು ಕಂಪ್ಯೂಟರ್ ಕೊಳ್ಳಲು ಅಮ್ಮನ ಜೊತೆ ಟಿ. ನಗರದ ಗಾಜಿನ ಗೋಡೆಯ ಮಳಿಗೆಯೊಂದಕ್ಕೆ ಹರಟುತ್ತಾ ಹೋದೆ. ಐವತ್ತರ ಆಸುಪಾಸಿನ ಸೇಲ್ಸ್‌ಮನ್ ಒಬ್ಬರು ಮುಖ ತುಂಬ ನಗುತ್ತಾ ಓಡಿ ಬಂದರು. ಅವರು ಬಾಯಿ ತೆರೆಯುವ ಮೊದಲೇ ನಾನು ಶುರು ಮಾಡಿದೆ: "ನೋಡಮ್ಮ, ತಾತಂಗೆ ಬಿಗಿ ಟೀ ಶರ್ಟ್ ತೊಡ್ಸಿದಾರೆ! ಇನ್ನೆಲ್ಲೂ ಕೆಲಸ ಸಿಕ್ಕಿಲ್ಲ ಅನ್ಸುತ್ತೆ."

"ಥೂ, ಸುಮ್ನಿರೋ!" ಎನ್ನುತ್ತಲೇ ಅಮ್ಮ ಕಿಸಕ್ಕನೆ ನಕ್ಕಳು.

ಸೇಲ್ಸ್‌ಮನ್ ಮುಖದ ನಗು ಮಾತ್ರ ಅಲ್ಲೇ ಆರಿತು. ಕಂಪ್ಯೂಟರ್ ಕರೆಂಟಿನಲ್ಲಿ ನಡೆಯುತ್ತದೆ ಎಂಬುದಷ್ಟೇ ಗೊತ್ತಿದ್ದ ನಾನು ಹಲಸಿನ ಹಣ್ಣು ನೋಡುವವನಂತೆ ಒಂದೊಂದನ್ನೂ ತಟ್ಟುತ್ತಾ ಹೋದೆ. ಅವರು ಒಂದು ಗಂಟೆ ಕಾಲ ತಮಿಳಿನಲ್ಲಿ ತಾಳ್ಮೆಯಿಂದ ಎಲ್ಲವನ್ನೂ ವಿವರಿಸಿದರು. ಕೊನೆಗೆ ಡಬ್ಬವನ್ನು ತಾವೇ ಹೊತ್ತು ಆಟೋವರೆಗೂ ಬಂದರು. ಅಮ್ಮ ಒಳಗೆ ಕುಳಿತ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಮೆಲ್ಲಗೆ, ಅಚ್ಚ ಕನ್ನಡದಲ್ಲಿ ಮಾತಾಡಿದರು. ಅಂದಿನಿಂದ ಯಾವ ಅಂಗಡಿಗೆ ಹೋದರೂ ಆ ಮಾತೇ ಕಿವಿಯಲ್ಲಿ ಚುಚ್ಚುತ್ತದೆ:

"ಕೋಲಾರದವನು ಸಾರ್ ನಾನು. ಬಾಗಿಲಲ್ಲಿ ನಿಮ್ ಕನ್ನಡ ಕೇಳಿ, ಬೇರೆಯೋರನ್ನ ತಡೆದು ನಾನೇ ಓಡ್ಬಂದೆ. ನನಗೆ ಕನ್ನಡ ಬರುತ್ತೆ ಅಂತ ಅಮ್ಮಂಗೆ ಹೇಳ್ಬೇಡಿ. ನಕ್ಕಿದ್ದಕ್ಕೆ ಪಾಪ, ನೊಂದ್ಕೋತಾರೆ."