ಎರಡು ಗುಳಿಗೆ ಮತ್ತು ಮರಿಗಳ ದನಿ

ಆ ಸಂಜೆ ಮರಿಗಳೆಲ್ಲ ಒಂದೇ ದನಿಯಲ್ಲಿ ಕೂಗಿದವು.

ನನ್ನ ಕಾಯಿಲೆ ಶುರುವಾದದ್ದು ಅಲ್ಲಿಂದ. ಊಟ ಬಿಟ್ಟ ದಿನದಿಂದ ಎಂದು ಸೊಸೆ ಹೇಳುತ್ತಾಳೆ. ಮುಚ್ಚಂಡಿಗೆ ಕೊಟ್ಟ ನಾದಿನಿ ಅಮಾವಾಸ್ಯೆಯ ಲೆಕ್ಕ ಹಾಕುತ್ತಾಳೆ. ಮೈ ನನ್ನದಾದ್ದರಿಂದ ನನ್ನ ಮಾತನ್ನೇ ಮೊದಲು ಬರೆಯುತ್ತೇನೆ.

ನಮ್ಮದು ಮರಾಠಿ ಸೀಮೆಯ ಗಡಿಯೂರು ಬೆಳುಂಕಿಯಲ್ಲಿ ಕುರಿ ಸಾಕುವ ಮನೆ. ಗಂಡಸರು ಕುರಿಗಳನ್ನು ಮೇಯಿಸಲು ಹೊಡೆದುಕೊಂಡು ಹೋದರೆ, ಹಾಲು ಕುಡಿಯುವ ಮರಿಗಳು ದಿನವಿಡೀ ದೊಡ್ಡಿಯಲ್ಲಿ ಹೆಂಗಸರ ಕೈಯಲ್ಲಿ ಉಳಿಯುತ್ತವೆ. ಸಂಜೆ ಕುರಿಗಳು ಮರಳಿದಾಗ ಪ್ರತಿ ಮರಿಯನ್ನೂ ಅದರ ತಾಯಿಗೆ ಕೂಡಿಸಬೇಕು. ಲಗ್ನವಾಗಿ ಬಂದಾಗಿನಿಂದ ಅದು ನನ್ನ ಕೆಲಸ. ಬಣ್ಣ ನೋಡಿ ಕೂಡಿಸುವವರಿದ್ದಾರೆ, ಕಿವಿಯ ಗುರುತು ನೋಡಿ ಕೂಡಿಸುವವರಿದ್ದಾರೆ. ನಾನು ದನಿಯಿಂದ ಕೂಡಿಸುತ್ತಿದ್ದೆ. ತಾಯಿಯ ಕೂಗಿನಲ್ಲಿ ಬಿರುಕಿದ್ದರೆ ಮರಿಯ ಕೂಗಿನಲ್ಲಿಯೂ ಅದರ ಎಳೆಯೊಂದು ಇರುತ್ತದೆ. ಮಕ್ಕಳ ಸಾಲೆಯ ಪುಸ್ತಕಗಳಿಂದ ಅಕ್ಷರ ಕಲಿತ ಮೇಲೆ ಇದಕ್ಕೆ ಆಧಾರ ಹುಡುಕಿದ್ದೇನೆ. ಪುಸ್ತಕದಲ್ಲಿ ಸಿಕ್ಕಿಲ್ಲ, ಕಿವಿಗೆ ಸಿಕ್ಕಿದೆ.

ಆ ಸಂಜೆ ಇಡೀ ದೊಡ್ಡಿ ಒಂದೇ ಬಾಯಿಯಿಂದ ಕೂಗುತ್ತಿತ್ತು. ಕೈಗೆ ಸಿಕ್ಕ ಮರಿಯನ್ನು ಎದುರಿಗಿದ್ದ ಕುರಿಯ ಮುಂದೆ ಬಿಟ್ಟೆ. ಅದು ಮೂಸಿತು. ಹಾಯ್ದು ಕೆಡವಿತು.

“ಯಾಕ, ಇವತ್ತ ಒಬ್ಬರ ಮಕ್ಕಳ್ನ ಇನ್ನೊಬ್ಬರಿಗೆ ಹಂಚಾಕ ನಿಂತೀಯೇನ?” ಎಂದು ಯಜಮಾನರು ನಕ್ಕರು.

ನಾನು ನಗಲಿಲ್ಲ. ನಗು ಎಲ್ಲಿಂದ ಹುಟ್ಟುತ್ತದೆ ಎಂಬುದೇ ನೆನಪಾಗಲಿಲ್ಲ.

ಬಳಿಕ ರೊಟ್ಟಿ ಅರಿವೆಯಂತೆ ಬಾಯಲ್ಲಿ ತಿರುಗತೊಡಗಿತು. ಬೆಳಕು ಹರಿಯುವ ಮೊದಲೇ ಎಚ್ಚರವಾಗಿ, ಎದ್ದು ಮಾಡಬೇಕಾದ ಕೆಲಸ ಯಾವುದೆಂದು ತಿಳಿಯದೆ ಕೂರುತ್ತಿದ್ದೆ. ಮನೆ ಅದೇ ಇತ್ತು. ಆದರೆ ಯಾರೋ ಅದನ್ನು ಬಿಚ್ಚಿ, ಅದೇ ಜಾಗದಲ್ಲಿ ಅದೇ ಕಲ್ಲುಗಳಿಂದ ತಿರುಗಿ ಕಟ್ಟಿಟ್ಟು ಹೋದಂತೆ ಕಾಣುತ್ತಿತ್ತು. ದಿನವೂ ನನ್ನ ಕೈಯ ಜೋಳಕ್ಕಾಗಿ ನೂಕಾಡುತ್ತಿದ್ದ ಕುರಿಗಳು ಒಂದು ದಿನ ಹತ್ತಿರ ಬಂದು, ಬೊಗಸೆ ಮೂಸಿ, ಒಟ್ಟಿಗೇ ಒಂದು ಹೆಜ್ಜೆ ಹಿಂದೆ ಸರಿದವು.

ನಾನು ಸತ್ತದ್ದು ಕುರಿಗಳಿಗೆ ಗೊತ್ತಾಗಿತ್ತು.

ಇದನ್ನು ಅಲಂಕಾರಕ್ಕೆ ಬರೆಯುತ್ತಿಲ್ಲ. ಆಗ ನಾನು ಹಾಗೆಯೇ ನಂಬಿದ್ದೆ. ಯಾವ ಮಾತನ್ನೂ ಪರೀಕ್ಷಿಸದೆ ಒಪ್ಪಿದವಳಲ್ಲವಾದ್ದರಿಂದ ಕನ್ನಡಿಯ ಮೇಲೆ ಉಸಿರು ಬಿಟ್ಟು ನೋಡಿದೆ. ಕನ್ನಡಿ ಮಬ್ಬಾಯಿತು. ಆ ಮಬ್ಬು ನನ್ನದೇ ಎಂಬುದಕ್ಕೆ ಏನು ಸಾಕ್ಷಿ?

ನಾದಿನಿ ಬಂದಳು. “ವೈನಿ, ನಿಮಗ ಗಾಳಿ ಬಡದೈತಿ. ಹಳ್ಳದ ದಾರಿಗೆ ಯಾವಾಗ ಹೋಗಿದ್ರಿ?”

“ಲಗ್ನ ಆಗಿ ಬಂದಾಗಿಂದ ಹೋಗಾಕತ್ತೀನಿ. ಇಷ್ಟ ವರ್ಷ ನಿನ್ನ ಗಾಳಿ ಏನ್ ನಿದ್ದಿ ಹೊಡೀತಿತ್ತೇನ?”

ಅವಳು ಗುಡಿಯಿಂದ ತಂದ ಅಂಗಾರದ ಬೂದಿಯನ್ನು ಸೊಸೆ ಹಣೆಗೆ ಹಚ್ಚಿದಳು. ತಡೆಯಲಿಲ್ಲ. ಸತ್ತವರ ಹಣೆಗೂ ಹಚ್ಚುತ್ತಾರಲ್ಲ ಎಂದುಕೊಂಡೆ.

ಯಜಮಾನರು ಜತ್ತದ ದವಾಖಾನೆಗೆ ಕರೆದೊಯ್ದರು. ಅಲ್ಲಿಯ ಡಾಕ್ಟರು ಮರಾಠಿಯವರು. ನನಗೆ ಮರಾಠಿ ಓದಲು ಬರುತ್ತದೆ, ಸಂತೆಯಲ್ಲಿ ಜಗಳಾಡಲು ಬರುತ್ತದೆ. ಮೈಯೊಳಗಿನ ಸಂಗತಿ ಹೇಳಲು ಬರುವುದಿಲ್ಲ. ನಿದ್ದೆಯಿಲ್ಲ, ಊಟವಿಲ್ಲ ಎಂದಷ್ಟೇ ಹೇಳಿದೆ. ಇದು ಡಿಪ್ರೆಶನ್, ಮೆದುಳಿನಲ್ಲಿ ಒಂದು ಕೆಮಿಕಲ್ ಕಡಿಮೆಯಾಗಿದೆ ಎಂದರು ಅವರು. ಅಳೆದು ನೋಡಿದಿರಾ ಎಂದು ಕೇಳಿದೆ. ಅವರು ಮುಂದಿನ ಪೇಶಂಟನ್ನು ಕರೆದರು.

ಅವರು ಕೊಟ್ಟದ್ದು ಅಮಿಟ್ರಿಪ್ಟಿಲಿನ್. ಹಳೆಯ ತರಹದ ಗುಳಿಗೆ; ಆ ಬಳಗಕ್ಕೆ ಟ್ರೈಸೈಕ್ಲಿಕ್ ಎನ್ನುತ್ತಾರೆಂದು ಅನಂತರ ತಿಳಿಯಿತು.

ನಿದ್ದೆ ಬಂತು. ಅದನ್ನು ಮರೆಯುವುದು ಅನ್ಯಾಯ. ಆದರೆ ಅದು ಬಾವಿಗೆ ಕಲ್ಲು ಬಿದ್ದಂಥ ನಿದ್ದೆ, ಮತ್ತು ಹಗಲು ಕೂಡ ಅದರ ನೀರು ನನ್ನ ಮೈಯಿಂದ ಇಳಿಯುತ್ತಿರಲಿಲ್ಲ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತು. ಮರಿಗಳನ್ನು ಕರೆಯಲು ನಾವು ನಾಲಿಗೆಯಿಂದ ಟಕಟಕ ಸದ್ದು ಮಾಡುತ್ತೇವೆ. ಆ ಸದ್ದು ಹೊರಡಲಿಲ್ಲ. ಬಾಯಾಡಿಸುತ್ತ ನಿಂತರೆ ಮರಿಗಳು ನನ್ನನ್ನು ದಾಟಿ ಆಚೆ ನೋಡುತ್ತಿದ್ದವು. ಸೂಜಿಯ ಕಣ್ಣು ಕಾಣದಾಯಿತು. ಹೊಟ್ಟೆ ಕಲ್ಲಾಯಿತು. ಮರಿಗಳ ಕೂಗು ಕಂಬಳಿಯ ಕೆಳಗಿನಿಂದ ಬಂದಂತೆ, ಇನ್ನೂ ಒಂದೇ ದನಿಯಲ್ಲಿ, ಇನ್ನೂ ದೂರದಿಂದ ಕೇಳುತ್ತಿತ್ತು.

ಒಂದು ದಿನ ದೊಡ್ಡಿಯಲ್ಲಿ ಕುಳಿತವಳು ಎದ್ದೆ. ನೆಲ ಮೇಲೆ ಬಂತು.

ಕಣ್ಣು ತೆರೆದಾಗ ಕುರಿಗಳು ಸುತ್ತ ನಿಂತಿದ್ದವು. ಒಂದೂ ಕೂಗುತ್ತಿರಲಿಲ್ಲ.

ಈ ಸಲ ವಿಜಯಪುರಕ್ಕೆ ಹೋದೆವು. ಮನೋರೋಗದ ಡಾಕ್ಟರು ಇನ್ನೂ ಎಳೆಯ ಹೆಣ್ಣುಮಗಳು. ಇಸಿಜಿ ಮಾಡಿಸಿದರು, ಮಲಗಿಸಿ, ನಿಲ್ಲಿಸಿ ಬಿಪಿ ನೋಡಿದರು. ನಿಂತಾಗ ಬಿಪಿ ಇಳಿಯುತ್ತಿತ್ತು. ಆಮೇಲೆ ಮೆಲ್ಲಗೆ ಕೇಳಿದರು:

“ಅವ್ವಾ, ಸಾಯಬೇಕು ಅಂತ ಏನರ ಅನಸ್ತೈತೇನ್ರಿ?”

“ಸತ್ತವರಿಗೆ ಅದ್ಯಾಕ ಅನಸ್ತೈತಿ?”

ಅವರು ಪೆನ್ನು ಕೆಳಗಿಟ್ಟರು.

ಹೊರಗಿದ್ದ ಯಜಮಾನರನ್ನು ಒಳಗೆ ಕರೆದು, ಗುಣವಾಗುವವರೆಗೆ ನನ್ನನ್ನು ಒಬ್ಬಳನ್ನೇ ಬಿಡಬಾರದೆಂದು ಹೇಳಿದರು. ಆ ಮನುಷ್ಯ ತಲೆಯ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದರು. ನನ್ನ ಎದುರಿಗೆ ಅವರು ರುಮಾಲು ತೆಗೆದು ಕುಳಿತದ್ದನ್ನು ಸಾವಿನ ಮನೆಯಲ್ಲಿ ಮಾತ್ರ ನೋಡಿದ್ದೆ.

ಗುಳಿಗೆ ಬದಲಿಸುವುದಾಗಿ ಡಾಕ್ಟರು ಹೇಳಿದಾಗ ನಾನು ಕೇಳಿದೆ, “ಎರಡರಾಗ ಯಾವುದು ಚಲೋ ಗುಣಾ ಮಾಡತೈತ್ರಿ?”

“ಗುಣಾ ಮಾಡೂದ್ರಾಗ ಎರಡೂ ಹೆಚ್ಚುಕಡಿಮಿ ಸಮಾ ಅವ್ವಾ. ತ್ರಾಸ ಕೊಡೂದ್ರಾಗ ಬ್ಯಾರೆ. ಹಳೇದು ಭಾಳ ಬಾಗಲಾ ಬಡೀತೈತಿ, ಬಾಯಿ, ಕಣ್ಣ, ಹೊಟ್ಟಿ, ಎದಿ. ಹೊಸಾದು ಕಡಿಮಿ ಬಾಗಲಾ ಬಡೀತೈತಿ. ನಿಮ್ಮ ವಯಸ್ಸಿಗೆ, ಹಿಂಗ ಬಿದ್ದಮ್ಯಾಲ, ಹೊಸಾದ ಇರಲಿ.”

“ಕೆಮಿಕಲ್ ಕಡಿಮಿ ಐತಿ ಅಂದ್ರಲ್ಲ ಜತ್ತದಾಗ. ನೀವರ ಅಳೀತೀರೇನು?”

ಅವರು ನಕ್ಕರು. “ಇಲ್ರಿ. ಅಳೆಯೂ ಟೆಸ್ಟ್ ಇಲ್ಲ. ಅದು ತಿಳಿಸಿ ಹೇಳಾಕ ಕಟ್ಟಿದ ಕಥಿ. ಗುಳಿಗಿ ಭಾಳ ಮಂದೀನ ತಿರುಗಿ ಕರಕೊಂಡ ಬಂದೈತಿ, ಅದು ಖರೆ. ಹೆಂಗ ಅನ್ನೂದು ಪೂರಾ ಯಾರಿಗೂ ಗೊತ್ತಿಲ್ಲ.”

ಗೊತ್ತಿಲ್ಲ ಎಂದ ಮೊದಲ ಮನುಷ್ಯರು ಅವರು. ಅದಕ್ಕಾಗಿಯೇ ಅವರನ್ನು ನಂಬಿದೆ.

ಹೊಸದರ ಹೆಸರು ಎಸ್ಸಿಟಾಲೋಪ್ರಾಮ್. ಅದು ಎಸ್‌ಎಸ್‌ಆರ್‌ಐ ಎಂಬ ಬಳಗದ್ದು. ಹಳೆಯದನ್ನು ಇಳಿಸುತ್ತ ಇದನ್ನು ಏರಿಸಿದರು. ಸತ್ತಿದ್ದೇನೆಂಬ ನಂಬಿಕೆಗೆಂದು ಕೆಲವು ವಾರ ಬೇರೊಂದು ಸಣ್ಣ ಗುಳಿಗೆಯೂ ಜೊತೆಗಿತ್ತು. ಎರಡು ಗುಳಿಗೆಗಳನ್ನು ಹೋಲಿಸಲು ಕುಳಿತವಳು ಅದನ್ನು ಮುಚ್ಚಿಡುವುದು ನ್ಯಾಯವಲ್ಲ.

ಮೊದಮೊದಲು ಓಕರಿಕೆ. ಕೈಯಲ್ಲಿ ನಡುಕ. ಹಗಲಿಗಿಂತ ಬೆಳಕಾದ ಕನಸುಗಳು. ಅವುಗಳಲ್ಲಿ ಮರಿಗಳು ಸಾಲಾಗಿ ಬಂದು ನನ್ನ ದನಿಯಲ್ಲಿ ನನ್ನನ್ನೇ ಕರೆಯುತ್ತಿದ್ದವು. ಬಳಿಕ, ಯಾವ ದಿನವೆಂದು ಹೇಳಲಾರೆ, ಬಾಯಿಗೆ ನೀರು ಬಂತು. ರೊಟ್ಟಿ ರೊಟ್ಟಿಯಾಯಿತು. ಮನೆ ತನ್ನ ಜಾಗಕ್ಕೆ ಮರಳಿತು. ನಾನು ಸತ್ತಿಲ್ಲವೆಂಬುದು ಒಂದು ಮಧ್ಯಾಹ್ನ ಪಾತ್ರೆ ತಿಕ್ಕುವಾಗ, ಯಾವ ಗದ್ದಲವೂ ಇಲ್ಲದೆ, ತಿಳಿದುಬಂತು.

ಆಗ ನನ್ನ ತವರೂರು ಯಳವಿಯಲ್ಲಿ ನಮ್ಮಣ್ಣ ತೀರಿಕೊಂಡ.

ಹೆಣದ ಮುಂದೆ ಕುಳಿತೆ. ಎಲ್ಲರೂ ಅತ್ತರು. ನನಗೆ ಒಂದು ಹನಿ ಬರಲಿಲ್ಲ. ದುಃಖ ಇಲ್ಲವೆಂದಲ್ಲ, ಪಕ್ಕದ ಮನೆಯಲ್ಲಿತ್ತು, ಗೋಡೆಯ ಆಚೆ ಓಡಾಡುವ ಸದ್ದು ಕೇಳುತ್ತಿತ್ತು.

“ಅಳಾಕೂ ಒಂದ ಗುಳಿಗಿ ಬೇಕೇನ ವೈನಿ?” ಎಂದಳು ನಾದಿನಿ. ಊರಿಗೆ ಮರಳಿದ ಮೇಲೆ ದೊಡ್ಡಿಯಲ್ಲಿಯೂ ಹಾಗೆಯೇ. ಮರಿಗಳ ದನಿಗಳು ಈಗ ಬೇರೆ ಬೇರೆಯಾಗಿದ್ದವು, ಆದರೆ ಯಾವುದೂ ಯಾರದೂ ಆಗಿರಲಿಲ್ಲ. ಕಿವಿಯ ಗುರುತು ನೋಡಿ ಸೊಸೆಯೇ ಕೂಡಿಸುತ್ತಿದ್ದಳು. ನನ್ನ ಮೈಯನ್ನು ನನಗೆ ಮರಳಿ ಕೊಟ್ಟವರು ಒಳಗಿನವಳನ್ನು ಇಟ್ಟುಕೊಂಡರೇ? ಹಾಗಿದ್ದರೆ ಈ ಗುಳಿಗೆ ನನಗೆ ಬೇಡ ಎಂದು ನಿಶ್ಚಯಿಸಿಯೇ ವಿಜಯಪುರದ ಬಸ್ಸು ಹತ್ತಿದೆ.

“ಹಳೇದು ನನ್ನ ಮುಣಗಿಸಿತ್ತು,” ಎಂದೆ ಡಾಕ್ಟರಿಗೆ. “ಹೊಸಾದು ದಂಡಿ ಮ್ಯಾಲ ಕುಂದ್ರಿಸೈತಿ. ನೀರಾಗ ಯಾರದಾರ ಅಂತ ಕಾಣತೈತಿ, ಕೈ ಹೋಗವಲ್ದು.”

“ಇದು ಕೆಲವರಿಗೆ ಆಗೂದೈತ್ರಿ. ನೀವ ಬಂದು ಹೇಳಿದ್ದು ಚಲೋ ಆತು. ಒಮ್ಮಿಗೇ ಮಾತ್ರ ಬಿಡಬ್ಯಾಡ್ರಿ. ಡೋಸ್ ಸ್ವಲ್ಪ ಇಳಸೂಣು, ನೋಡೂಣು. ಆಗಲಿಲ್ಲಂದ್ರ ಬ್ಯಾರೆ ದಾರಿ ಅದಾವು.”

ಹಟ ಬಿಟ್ಟೆನೆಂದಲ್ಲ. ನೋಡೋಣ ಎಂದವರ ಮುಂದೆ ಹಟ ಹಿಡಿಯಲು ಆಧಾರವಿರಲಿಲ್ಲ.

ಡೋಸ್ ಇಳಿದ ಮೇಲೆ ಕೆಲವು ವಾರ ಏನೂ ಬದಲಾಗಲಿಲ್ಲ. ಆಮೇಲೆ ನಮ್ಮ ಹಿಂಡಿನ ಒಂದು ಮುದಿ ಕುರಿ ಈದು ಸತ್ತಿತು, ಮರಿ ಉಳಿಯಿತು. ಅದೇ ಹೊತ್ತಿಗೆ ಮತ್ತೊಂದು ಕುರಿಯ ಮರಿ ಸತ್ತಿತು. ಹೀಗಾದಾಗ ನಮ್ಮ ಮನೆಯಲ್ಲಿ ಹಿಂದಿನಿಂದ ಮಾಡುತ್ತ ಬಂದದ್ದೊಂದಿದೆ. ಸತ್ತ ಮರಿಯ ತೊಗಲು ಸುಲಿದು, ತಬ್ಬಲಿ ಮರಿಗೆ ಅಂಗಿಯಂತೆ ತೊಡಿಸುತ್ತೇವೆ. ತನ್ನ ಮರಿಯ ವಾಸನೆ ಹಿಡಿದು ತಾಯಿ ಅದಕ್ಕೆ ಹಾಲು ಕೊಡುತ್ತದೆ. ಎಷ್ಟೋ ಸಲ ಮಾಡಿದ ಕೆಲಸ. ಈ ಸಲ ಯಜಮಾನರು ಸುಲಿದು ಕೊಟ್ಟ ತೊಗಲನ್ನು ಕೈಯಲ್ಲಿ ಹಿಡಿದು ನಾನು ಬಹಳ ಹೊತ್ತು ನಿಂತೆ. ಅದು ಇನ್ನೂ ಬೆಚ್ಚಗಿತ್ತು.

ತೊಡಿಸಿದೆ. ಒಂದರ ಬಾಲದ ಕೆಳಗೆ ಇನ್ನೊಂದರ ಬಾಲ. ಮರಿಯನ್ನು ಕುರಿಯ ಮುಂದೆ ಬಿಟ್ಟೆ.

ಕುರಿ ಹಿಂದಿನಿಂದ ಮೂಸಿತು. ತನ್ನದು. ಮುಂದೆ ಬಂದು ಮುಖ ಮೂಸಿತು. ಅಲ್ಲ. ತಲೆಯೆತ್ತಿ ನನ್ನನ್ನು ನೋಡಿತು. ಆ ಕ್ಷಣದಲ್ಲಿ ಮರಿ ಕೂಗಿತು.

ಆ ಕೂಗಿನಲ್ಲಿ ಬಿರುಕಿತ್ತು.

ಅದು ಸತ್ತ ಮುದಿ ಕುರಿಯ ಬಿರುಕು. ಸತ್ತ ಮರಿಯ ತೊಗಲಿನೊಳಗಿನಿಂದ ಸತ್ತ ತಾಯಿ ಕೂಗುತ್ತಿತ್ತು, ಮತ್ತು ಆ ದೊಡ್ಡಿಯಲ್ಲಿ ಅದನ್ನು ಗುರುತಿಸಿದವಳು ನಾನೊಬ್ಬಳೇ. ಮೈಮೇಲಿನ ಕೂದಲು ನಿಮಿರಿ ನಿಂತವು. ಹೆದರಿಕೆಯಾಯಿತು, ಎಷ್ಟೋ ತಿಂಗಳ ಮೇಲೆ ನನಗೆ ಸರಿಯಾಗಿ ಹೆದರಿಕೆಯಾಯಿತು. ಅದರ ಬೆನ್ನಿಗೆ ಕಣ್ಣೀರು ಬಂತು. ಮೊದಲು ಕುರಿಗಾಗಿ. ಆಮೇಲೆ ಯಳವಿಯ ಅಣ್ಣನಿಗಾಗಿ.

ಕುರಿ ಕಾಲು ಅಗಲಿಸಿ ನಿಂತಿತು. ಮರಿ ಬಾಯಿ ಹಾಕಿತು.

“ಯಾಕ ಅಳತಿ? ಕುಡ್ಯಾಕತ್ತೈತಲ್ಲ,” ಎಂದರು ಯಜಮಾನರು.

“ಅಳೂದ್ ಬ್ಯಾಡಾ ಅನಬ್ಯಾಡ್ರಿ ಈಗ.”

ಅವರು ಮುಖ ಆಚೆ ತಿರುಗಿಸಿ ರುಮಾಲು ಸರಿಮಾಡಿಕೊಂಡರು.

ತೊಗಲು ವಾಸನೆ ಬರುವ ಮೊದಲೇ ಬಿಚ್ಚಿ ಹೂಳಿದೆವು. ಕುರಿ ತಕರಾರು ಮಾಡಲಿಲ್ಲ. ಅದಕ್ಕೆ ಮೋಸ ತಿಳಿಯಲಿಲ್ಲವೋ, ಮೊದಲ ಕೂಗಿಗೇ ತಿಳಿದು ಸುಮ್ಮನಿತ್ತೋ, ನನಗೆ ಗೊತ್ತಿಲ್ಲ.

ನನ್ನನ್ನು ತಿರುಗಿ ಕರೆತಂದದ್ದು ಹೊಸ ಗುಳಿಗೆಯೋ, ಅದರ ಇಳಿದ ಡೋಸೋ, ಕಳೆದ ದಿನಗಳೋ ಎಂದು ಖಚಿತವಾಗಿ ಹೇಳುವವರನ್ನು ನಾನು ಈಗಲೂ ನಂಬುವುದಿಲ್ಲ. ಹಳೆಯ ಗುಳಿಗೆಯಿಂದಲೇ ಗುಣವಾದವಳೊಬ್ಬಳು ನಮ್ಮ ಓಣಿಯಲ್ಲಿದ್ದಾಳೆ. ಅವಳ ಮಾತನ್ನೂ ಅಲ್ಲಗಳೆಯಲಾರೆ. ಹೊಸದನ್ನು ಮಾತ್ರ ಡಾಕ್ಟರು ಸಾಕು ಎನ್ನುವ ತನಕ ದಿನವೂ ನುಂಗುತ್ತೇನೆ.

ಮರಿಗಳನ್ನು ಈಗ ಮತ್ತೆ ನಾನೇ ಕೂಡಿಸುತ್ತೇನೆ. ಅದು ಮುಗಿದ ಮೇಲೆ ಬೊಗಸೆಯಲ್ಲಿ ಜೋಳ ಹಿಡಿದು ನಿಂತರೆ ಕುರಿಗಳು ನೂಕಾಡುತ್ತ ಬರುತ್ತವೆ. ತಬ್ಬಲಿಗೆ ಹಾಲು ಕೊಟ್ಟ ಕುರಿ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ತಿನ್ನುವ ಮೊದಲು ನನ್ನ ಕೈಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮೂಸುತ್ತದೆ.

ನಾನು ಕೈ ಹಿಂದೆ ತೆಗೆಯುವುದಿಲ್ಲ. ಅದು ತಿನ್ನುತ್ತದೆ.